ಪಾವಿನಷ್ಟು ಎದೆ

ಆ ವರ್ಷ ಸುಗ್ಗಿಯೂ ಮೊಮ್ಮಗಳೂ ಒಟ್ಟಿಗೇ ಬಂದರು. ಸಿಂಧಘಟ್ಟದ ಸುತ್ತಮುತ್ತ ಯಾವ ಕಣಕ್ಕೆ ಹೋದರೂ ರಾಗಿ ಮೆದೆ ಆಳೆತ್ತರಕ್ಕೆ ನಿಂತಿತ್ತು. ಕಣದಲ್ಲಿ ರಾಶಿ ಅಳೆಯುವುದು ನನ್ನ ಕೆಲಸ. ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟು ಬಂದವನು ನಾನು. ಆದರೂ ಕೊಳಗ ಕೈಗೆ ಬಂದರೆ ಲೆಕ್ಕ ತಪ್ಪುವುದಿಲ್ಲ ಎಂದು ನಾಲ್ಕೂರಿನವರು ಕರೆಯುತ್ತಿದ್ದರು. ಪೇಟೆ ಮಂಡಿಯಲ್ಲಿ ತೂಕದ ತಕ್ಕಡಿ ಬಂದು ಎಷ್ಟೋ ಕಾಲವಾಗಿತ್ತು. ಕಣದ ರಾಶಿಯನ್ನು ಮಾತ್ರ ನಮ್ಮ ಕಡೆ ತೊಂಬತ್ತರ ಇಸವಿಯ ಆಚೆಗೂ ಕೊಳಗದಲ್ಲೇ ಅಳೆಸುತ್ತಿದ್ದರು.

ಅದಕ್ಕೆ ಅದರದೇ ನೇಮ ಇತ್ತು. ರಾಶಿಯ ಸುತ್ತ ಬೂದಿಯಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯೊಳಗೆ ಯಾರೂ ಮೆಟ್ಟು ಹಾಕಿಕೊಂಡು ಬರುವಂತಿಲ್ಲ. ಅಳೆಯುವವನು ಬೇರೆ ಮಾತಾಡುವಂತಿಲ್ಲ. ಶುರು ಮಾಡಿದ ರಾಶಿಯನ್ನು ಅರ್ಧಕ್ಕೆ ಬಿಟ್ಟು ಏಳುವಂತಿಲ್ಲ. ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನಬೇಕು. ಲಾಭ, ಎರಡು, ಮೂರು, ಹೀಗೆ.

ಮಗಳನ್ನು ಹೆರಿಗೆಗೆ ಕರೆದುಕೊಂಡು ಬಂದಿದ್ದೆವು. ಕೃಷ್ಣರಾಜಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಅವತ್ತು ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ನಾನು ಕಲ್ಲುಸಕ್ಕರೆ ಹಂಚಿದೆ. ಕಂಡಕ್ಟರು ಎರಡು ಸಲ ಕೈ ಒಡ್ಡಿದ. ಕೊಟ್ಟೆ. ಮೂರನೇ ಸಲ ಒಡ್ಡಿದ್ದರೂ ಕೊಡುತ್ತಿದ್ದೆ. ಮಗನಿಗೆ ಆಗಲೇ ಐದು ವರ್ಷದ ಮಗಳಿದ್ದಳು. ಅವಳು ಹುಟ್ಟಿದಾಗ ನಾನು ಮೇಲುಕೋಟೆ ಕಡೆ ಕೂಲಿಗೆ ಹೋಗಿದ್ದೆ, ತಿರುಗಿ ಬರುವಷ್ಟರಲ್ಲಿ ಕೂಸು ನಗುವುದನ್ನು ಕಲಿತಿತ್ತು. ಈ ಮಗುವನ್ನು ಮಾತ್ರ ಹುಟ್ಟಿದ ಗಳಿಗೆಯಿಂದ ನೋಡುತ್ತಿದ್ದೆ. ಕಣದಿಂದ ಬಂದವನು ಕೈಕಾಲು ತೊಳೆದು ತೊಟ್ಟಿಲ ಪಕ್ಕ ಕೂತರೆ ಊಟಕ್ಕೆ ಎರಡು ಸಲ ಕೂಗಬೇಕಿತ್ತು.

ಎರಡು ವಾರ ತುಂಬಿದ ಮೇಲೆ ಮಗುವಿಗೆ ಮೂಗು ಕಟ್ಟಿತು. ಊರಿಗೆ ಬರುತ್ತಿದ್ದ ನರ್ಸಮ್ಮ ಬಾಣಂತಿಯನ್ನು ನೋಡಿ ಹೋಗುವಾಗ ಹೇಳಿದರು: "ಎರಡು ತಿಂಗಳ ಒಳಗಿನ ಕೂಸು ಕಣಪ್ಪ. ನೆಗಡಿ ಆದಾಗ ಉಸಿರು ಎಣಿಸ್ತಾ ಇರಿ. ಒಂದು ನಿಮಿಷಕ್ಕೆ ಅರವತ್ತು, ಇಲ್ಲ ಅದರ ಮೇಲೆ ಬಂದರೆ ಕಾಯಬೇಡಿ. ಪೇಟೆಗೆ ಕರ್ಕೊಂಡು ಹೋಗಿ."

ಅವರು ಬೀದಿ ತಿರುಗುವವರೆಗೂ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಅಂದಳು: "ಉಸ್ರು ಎಣ್ಸೋದು ಯಾವಾಗ ಗೊತ್ತಾ? ಬಾಯಿಗೆ ನೀರು ಬುಡೋ ಹೊತ್ನಾಗೆ. ಹಸುಗೂಸ್ಗೆ ಯಾರಾದ್ರೂ ಎಣಿಸ್ತಾರಾ? ಈ ಮನೇಲಿ ಅದೆಲ್ಲ ಬ್ಯಾಡ."

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಮ್ಮಲ್ಲಿ ಯಾರದಾದರೂ ಉಸಿರು ಎಣಿಸುತ್ತಾ ಕೂತಿದ್ದಾರೆ ಎಂದರೆ ಚಟ್ಟಕ್ಕೆ ಬಿದಿರು ನೋಡುತ್ತಿದ್ದಾರೆ ಎಂದೇ ಅರ್ಥ. ನಾನೂ ಆ ಗೊಡವೆ ಬಿಟ್ಟೆ.

ಮಗಳು ಬಿಡಲಿಲ್ಲ. ಅವಳ ಗಂಡ ನಾಗಮಂಗಲದವನು. ಮಗುವನ್ನು ನೋಡಲು ಬಂದಾಗ ಕೈಗಡಿಯಾರ ಬಿಟ್ಟುಹೋಗಿದ್ದ. ಅವ್ವ ಹಿತ್ತಲಿಗೆ ಹೋದ ಹೊತ್ತು ನೋಡಿ ಅವಳು ಎಣಿಸಿದ್ದಾಳೆ. ನಾನು ಬಾಗಿಲಿಗೆ ಬರುತ್ತಲೇ ಬಿಳಿಚಿಕೊಂಡು ನಿಂತಿದ್ದಳು.

"ಅಪ್ಪ, ಎಂಬತ್ತೆಂಟು."

ಮಗುವಿನ ಎದೆ ಮೇಲೆ ಕೈಯಿಟ್ಟೆ. ಒಳಗೆ ಅಳಿಲು ಸಿಕ್ಕಿಹಾಕಿಕೊಂಡ ಹಾಗೆ ಬಡಿಯುತ್ತಿತ್ತು. ನನ್ನ ಎದೆ ಮೇಲೆ ಕೈಯಿಟ್ಟುಕೊಂಡು ನೋಡಿದೆ. ಗಾಬರಿಯಲ್ಲಿ ಅದೂ ಓಡುತ್ತಿತ್ತು, ಆದರೂ ಮಗುವಿನ ಓಟಕ್ಕೆ ಸಾಟಿಯಾಗಲಿಲ್ಲ. ಸಿಕ್ಕಿದ ಬಸ್ಸು ಹತ್ತಿದೆವು. ಐದು ವರ್ಷದವಳು ತಾನೂ ಬರುತ್ತೇನೆ ಎಂದು ಪಂಚೆ ಹಿಡಿದು ಜಗ್ಗಿದಳು. ಬಿಡಿಸಿಕೊಳ್ಳಲು ಪುರುಸೊತ್ತಿಲ್ಲದೆ ಅವಳನ್ನೂ ಎತ್ತಿಕೊಂಡೆ.

ಆಸ್ಪತ್ರೆಯ ಡಾಕ್ಟ್ರಮ್ಮ ಮಗುವನ್ನು ಮಲಗಿಸಿ ಎದೆಯ ಬಟ್ಟೆ ಸರಿಸಿ, ಒಂದು ನಿಮಿಷ ಕದಲದೆ ನೋಡಿದರು. "ನಲವತ್ತನಾಲ್ಕು. ಚೆನ್ನಾಗೇ ಇದೆಯಲ್ಲ. ಎಂಬತ್ತೆಂಟು ಅಂತ ಎಣಿಸಿದ್ದು ಯಾರು?"

ಮಗಳು ತಲೆ ತಗ್ಗಿಸಿ, "ನಾನೇ" ಅಂದಳು.

"ಹೇಗೆ ಎಣಿಸಿದೆ, ತೋರಿಸು."

"ಹೊಟ್ಟೆ ಏರ್ತದಲ್ಲ, ಅದೊಂದು. ಇಳೀತದಲ್ಲ, ಅದೊಂದು."

ನನಗೆ ತಕ್ಷಣ ತಿಳಿಯಿತು. ನಮ್ಮ ಮನೆಯಲ್ಲಿ ಮಜ್ಜಿಗೆ ಕಡೆಯುವಾಗ ಹಗ್ಗದ ಬಲಗೈ ಎಳೆತ ಒಂದು, ಎಡಗೈ ಎಳೆತ ಒಂದು ಎಂದು ಎಣಿಸುತ್ತಾರೆ. ಇಷ್ಟು ಎಳೆತಕ್ಕೆ ತಣ್ಣೀರು, ಇಷ್ಟಕ್ಕೆ ಬೆಣ್ಣೆ ಎಂದು ಅವಳ ಅವ್ವ ಚಿಕ್ಕಂದಿನಲ್ಲೇ ಕಲಿಸಿದ್ದಳು. ಹುಡುಗಿ ಮಗುವಿನ ಉಸಿರನ್ನೂ ಹಾಗೇ ಕಡೆದುಬಿಟ್ಟಿದ್ದಳು. ಹೇಳಿದಾಗ ಡಾಕ್ಟ್ರಮ್ಮ ಜೋರಾಗಿ ನಕ್ಕರು. "ಏರಿ ಇಳಿದರೆ ಒಂದು ಉಸಿರು ಕಣಮ್ಮ. ಎರಡೂ ಸೇರಿ ಒಂದೇ."

ನನಗಿನ್ನೂ ಸಮಾಧಾನವಿರಲಿಲ್ಲ. "ಉಸ್ರು ಬುಡಿ ತಾಯಿ. ಎದೆ ಇಂಗೆ ಓಡ್ತಾ ಅದಲ್ಲ?"

"ಕೂತ್ಕೊಳ್ಳಿ ಯಜಮಾನ್ರೇ" ಎಂದು ನನ್ನ ಮಣಿಕಟ್ಟು ಹಿಡಿದರು. "ಎಪ್ಪತ್ತಾರು." ಐದು ವರ್ಷದವಳ ಮಣಿಕಟ್ಟು ಹಿಡಿದರು. "ತೊಂಬತ್ತೆಂಟು." ಆಮೇಲೆ ನನ್ನ ಎರಡು ಬೆರಳು ತೆಗೆದುಕೊಂಡು ಮಗುವಿನ ತೋಳಿನ ಒಳಮಗ್ಗುಲಿಗೆ, ಮೊಣಕೈಗಿಂತ ಮೇಲೆ ಇಟ್ಟರು. ಎಳೆಗೂಸಿನ ಮಣಿಕಟ್ಟಿನಲ್ಲಿ ನಾಡಿ ಸುಲಭಕ್ಕೆ ಸಿಗುವುದಿಲ್ಲವಂತೆ. ಮೆತ್ತಗೆ ಒತ್ತಿದಾಗ ಸಿಕ್ಕಿತು. ದಾರದಷ್ಟು ಸಣ್ಣ, ಆದರೆ ಪಟಪಟ ಎಂದು.

"ಇದು ನೂರ ನಲವತ್ತು. ನಿಮಗೆ ಇಷ್ಟು ಬಂದಿದ್ದರೆ ನಿಮ್ಮನ್ನ ಇಲ್ಲೇ ಮಲಗಿಸ್ಕೊಳ್ತಿದ್ದೆ. ಇವಳಿಗೆ ಇದೇ ಸರಿ. ಈ ವಯಸ್ಸಲ್ಲಿ ನೂರಿಪ್ಪತ್ತರಿಂದ ನೂರರವತ್ತರವರೆಗೂ ಇರುತ್ತೆ. ಅತ್ತರೆ ಇನ್ನೂ ಮೇಲೆ. ವರ್ಷ ತುಂಬೋ ಹೊತ್ತಿಗೆ ನೂರಿಪ್ಪತ್ತರ ಆಸುಪಾಸು, ಸ್ಕೂಲಿಗೆ ಹೋಗೋ ಹೊತ್ತಿಗೆ ನೂರರ ಹತ್ತಿರ, ದೊಡ್ಡವಳಾದ ಮೇಲೆ ನಿಮ್ಮ ಥರ. ಉಸಿರೂ ಹಾಗೇ. ಎಳೆಗೂಸಿಗೆ ಮೂವತ್ತರಿಂದ ಅರವತ್ತರ ಒಳಗೆ, ವರ್ಷದ ಮಗುಗೆ ಮೂವತ್ತರ ಹತ್ತಿರ, ಈ ಪುಟ್ಟಿಗೆ ಇಪ್ಪತ್ತೈದರೊಳಗೆ, ನಿಮಗೆ ಹದಿನಾರು, ಹದಿನೆಂಟು. ಬಿಪಿ ಮಾತ್ರ ಉಲ್ಟಾ. ಕೂಸಿಗೆ ಕಮ್ಮಿ, ಬೆಳೀತಾ ಬೆಳೀತಾ ಜಾಸ್ತಿ."

"ಜ್ವರ?"

"ಮೈಕಾವು ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ತೊಂಬತ್ತೆಂಟೂವರೆ ಸುತ್ತಮುತ್ತ."

ನಾನು ಮಗುವಿನ ತೋಳು ಇನ್ನೂ ಹಿಡಿದುಕೊಂಡೇ ಇದ್ದೆ. ಒಂದೇ ರಾಶಿಯನ್ನು ಕೊಳಗದಲ್ಲಿ ಅಳೆದರೆ ಬೇಗ ಮುಗಿಯುತ್ತದೆ. ಸೇರಿನಲ್ಲಾದರೆ ಹೆಚ್ಚು ಸಲ ಮೊಗೆಯಬೇಕು. ಪಾವಿನಲ್ಲಾದರೆ ಸೇರಿಗೆ ನಾಲ್ಕು ಸಲ. ಈ ಮಗುವಿನ ಎದೆ ಪಾವಿನಷ್ಟೂ ಇಲ್ಲ. ಬೆಳೆಯುವ ಮೈಗೆ ಬೇಕಾದ್ದನ್ನೆಲ್ಲ ಅಷ್ಟರಲ್ಲೇ ಮೊಗೆದು ಮೊಗೆದು ಕೊಡಬೇಕಲ್ಲ, ಅದಕ್ಕೇ ಈ ಓಟ. ಇದನ್ನು ಡಾಕ್ಟ್ರಮ್ಮನಿಗೆ ಹೇಳಿದೆ.

"ಸರಿಯಾಗೇ ಹೇಳಿದ್ರಿ" ಅಂದರು. ಆಮೇಲೆ ಮಗಳ ಕಡೆ ತಿರುಗಿ, ಬಾಣಂತಿ ಕೋಣೆಯಲ್ಲಿ ಹೊಗೆ ಹಾಕುವುದು ಬೇಡ, ಮೂಗಿಗೆ ಎಣ್ಣೆ ಬಿಡುವುದು ಬೇಡ, ಮಲಗಿದಾಗ ಪೂರ್ತಿ ಒಂದು ನಿಮಿಷ ಎಣಿಸು, ಹೆಚ್ಚು ಬಂದರೆ ಇನ್ನೊಂದು ಸಲ ಎಣಿಸಿ ನೋಡು ಎಂದು ಹೇಳಿ ಕಳಿಸಿದರು.

ಊರಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಮಾರನೆಯ ದಿನ ಕಣದಲ್ಲಿ ಗೌಡರು ಕೇಳಿದರು: "ಏನ್ಲಾ, ನಿನ್ನ ಮೊಮ್ಮಗಳ ಉಸ್ರು ಡಬ್ಬಲ್ ಆಗಿತ್ತಂತೆ? ಅಂಗಾದ್ರೆ ನನ್ ರಾಶಿ ಅಳೆಯಕ್ಕೆ ನೀನು ಬರ್ಬ್ಯಾಡ ಕಣ್ಲಾ, ನಿನ್ ಮಗಳ್ನ ಕಳ್ಸು." ಕಣದವರೆಲ್ಲ ನಕ್ಕರು. ನಾನೂ ನಕ್ಕೆ. ಮಗು ಚೆನ್ನಾಗಿದ್ದರೆ ನಗುವುದಕ್ಕೇನು.

ಮನೆಯಲ್ಲಿ ಹೆಂಡತಿ ನಗಲಿಲ್ಲ. "ಎಣಿಸ್ಬ್ಯಾಡಿ ಅಂದೆ. ಕೇಳುದ್ರಾ?"

"ಎಣ್ಸದಿಲ್ಲ ಕಣೆ. ಅಳೀತೀನಿ."

"ಅಂಗಂದ್ರೆ?"

"ರಾಶಿ ಅಳೆದಂಗೆ. ಲಾಭ, ಎರಡು, ಮೂರು. ಕಣದಲ್ಲಿ ಅಳೆದ್ರೆ ಕಮ್ಮಿ ಆಗ್ತದಾ? ಹೆಚ್ಚಲಿ ಅಂತ ತಾನೆ ಲಾಭ ಅನ್ನೋದು."

ಅವಳು ಬೆಳ್ಳುಳ್ಳಿಯ ಇನ್ನೊಂದು ಎಸಳು ಸುಲಿದಳು. "ಅಳೆಯೋದಾದ್ರೆ ಅಳೀರಿ" ಅಂದಳು. "ಬಾಗಿಲು ಮುಂದಕ್ಕೆ ಮಾಡ್ಕೊಂಡು ಅಳೀರಿ."

ಅಂದಿನಿಂದ ಅದು ನನ್ನ ಇನ್ನೊಂದು ಕೆಲಸವಾಯಿತು. ಮಗಳಿಗೂ ಕಲಿಸಿದೆ. ಕೊಳಗ ರಾಶಿಗೆ ಇಳಿಯುವುದು, ಚೀಲಕ್ಕೆ ಸುರಿಯುವುದು, ಎರಡೂ ಸೇರಿ ಒಂದು ಅಳತೆ ಎಂದು ಹೇಳಿದ ಮೇಲೆ ಅವಳು ತಪ್ಪಲಿಲ್ಲ. ಒಂದು ದಿನ ನಲವತ್ತೆರಡು, ಒಂದು ದಿನ ನಲವತ್ತೈದು. ಹೀಗೆ ನೋಡುತ್ತಾ ಕೂತಾಗ ಇನ್ನೊಂದು ತಿಳಿಯಿತು. ಎಳೆಮಗುವಿನ ಉಸಿರು ನಮ್ಮ ಹಾಗೆ ಒಂದೇ ಸಮ ಇರುವುದಿಲ್ಲ. ನಾಲ್ಕಾರು ಉಸಿರು ದಡಬಡ ಹೋಗುತ್ತದೆ, ಒಂದು ಚೂರು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಕಾಲು ನಿಮಿಷ ನೋಡಿ ನಾಲ್ಕರಿಂದ ಗುಣಿಸಿದರೆ ಸುಳ್ಳು ಬರುತ್ತದೆ. ಪೂರ್ತಿ ನಿಮಿಷ ಯಾಕೆ ಎಂದು ಆಗ ಅರ್ಥವಾಯಿತು.

ಗೌಡರ ರಾಶಿ ಅಳೆಯುವ ದಿನ ಬೆಳಗಿನಿಂದ ಮೋಡ ಕವಿದಿತ್ತು. ಸುಗ್ಗಿಯಲ್ಲಿ ಬರಬಾರದ ಮೋಡ. ಮಳೆ ಬೀಳುವುದರೊಳಗೆ ಅಳೆದು ಚೀಲ ಕಟ್ಟಬೇಕೆಂದು ಎಲ್ಲರೂ ಅವಸರದಲ್ಲಿದ್ದರು. ರಾಶಿ ಅರ್ಧಕ್ಕೆ ಬಂದಿರಬೇಕು. ನಾನು ತಲೆಯೆತ್ತಿ ನೋಡಿದೆ. ಬೂದಿ ಗೆರೆಯ ಆಚೆ ನನ್ನ ಮಗಳು ನಿಂತಿದ್ದಳು. ತಲೆಗೆ ಬಟ್ಟೆ ಬಿಗಿದು, ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದಳು. ಹಸಿ ಬಾಣಂತಿ ಆಸ್ಪತ್ರೆಗಲ್ಲದೆ ಹೊಸಿಲು ದಾಟುವುದಿಲ್ಲ, ಕಣದ ಹತ್ತಿರವಂತೂ ಸುಳಿಯುವುದೇ ಇಲ್ಲ. ಆಳುಗಳು ಕೈ ನಿಲ್ಲಿಸಿದರು.

"ಅಪ್ಪ, ಬೆಳಗ್ಗಿಂದ ಆಲು ಕುಡೀತಿಲ್ಲ. ಅಳೆದೆ. ಎಪ್ಪತ್ತು ಬಂತು. ಇನ್ನೊಂದು ಸಲ ಅಳೆದೆ, ಆಗ್ಲೂ ಎಪ್ಪತ್ತೇ. ಅವ್ವ ಜ್ವರ ಇಲ್ವಲ್ಲ, ಸುಮ್ಕಿರು ಅಂತಾಳೆ."

ಮಾತಾಡುವಂತಿರಲಿಲ್ಲ. ಕೊಳಗವನ್ನು ರಾಶಿಯಲ್ಲಿ ನಾಟಿ, ಗೆರೆ ದಾಟಿ ಬಂದೆ. ಹುಲ್ಲಿನ ಮೇಲೆ ಕಂಬಳಿ ಹಾಸಿ ಮಗುವನ್ನು ಮಲಗಿಸಿ ಎದೆ ತೆರೆದೆ. ಮಗಳು ಗಡಿಯಾರ ಹಿಡಿದಳು. ನಾನು ಬಾಯಿಬಿಟ್ಟೇ ಶುರು ಮಾಡಿದೆ. ಲಾಭ, ಎರಡು, ಮೂರು. ಗೌಡರೂ ಆಳುಗಳೂ ಸುತ್ತ ಬಂದು ನಿಂತರು. ಅರವತ್ತು ದಾಟಿತು. ಮಗಳು ಸಾಕು ಎಂದಾಗ ಎಪ್ಪತ್ತೆರಡರಲ್ಲಿದ್ದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಪಾದ ಮುಟ್ಟಿದರೆ ತಣ್ಣಗಿತ್ತು.

ಎದ್ದು ನಿಂತೆ. ಗೌಡರು ಅಂದರು: "ಲೇ, ರಾಶಿ ಅರ್ಧಕ್ಕೆ ಬುಟ್ಟು ಓಯ್ತೀಯಾ? ಓದ್ಸಲಾನೂ ಇಂಗೇ ಓಡೋಗಿದ್ದೆ. ಆಮೇಲೇನಾಯ್ತು? ಇದನ್ನ ಮುಗ್ಸಿ ಓಗು, ಒಂದು ಗಂಟೆ ಕೆಲ್ಸ. ಮೋಡ ನೋಡ್ಲಾ."

ಅವರ ಮಾತಿನಲ್ಲಿ ನ್ಯಾಯವಿತ್ತು. ವರ್ಷದ ಅನ್ನ ಬಯಲಲ್ಲಿ ಬಿದ್ದಿತ್ತು. ಹೋದ ಸಲ ನಾವು ಓಡಿದ್ದು ಸುಳ್ಳಿಗೇ. ಅರ್ಧ ಅಳೆದ ರಾಶಿ ಬಿಟ್ಟು ನಾನು ಅಲ್ಲಿಯವರೆಗೆ ಎದ್ದವನಲ್ಲ. ಎದ್ದವನನ್ನು ಮತ್ತೆ ಯಾರೂ ಅಳೆಯಲು ಕರೆಯುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಹೋದ ಸಲದ ಅಳತೆ ಬೇರೆ, ಈ ಸಲದ್ದು ನನ್ನ ಬಾಯಿಂದಲೇ ಬಂದ ಅಳತೆ. ನನ್ನ ಲೆಕ್ಕವನ್ನು ನಾನೇ ನಂಬದಿದ್ದರೆ ಇಷ್ಟು ವರ್ಷ ಊರವರ ರಾಶಿ ಅಳೆದದ್ದಕ್ಕೆ ಏನರ್ಥ?

"ಗೌಡ್ರೆ, ನಿಮ್ಮ ರಾಶಿ ಎಷ್ಟು ಅಂತ ಈವರ್ಗೂ ನಾನು ಏಳಿದ್ದು ನಂಬಿದ್ದೀರಿ. ಇದನ್ನೂ ನಂಬಿ."

ಅವರು ಮಗುವಿನ ಕಡೆ ನೋಡಿದರು. ಪಕ್ಕೆಯ ಗುಳಿ ಅವರಿಗೂ ಕಂಡಿರಬೇಕು. ಟ್ರಾಕ್ಟರಿನವನ ಕಡೆ ತಿರುಗಿ, "ಏನ್ಲಾ ನೋಡ್ತಾ ನಿಂತಿದ್ದೀಯ? ರಸ್ತೆಗಂಟ ಬುಟ್ಟು ಬಾ" ಎಂದು ಗದರಿದರು.

ರಸ್ತೆಯಲ್ಲಿ ಬಸ್ಸು ಸಿಕ್ಕಿತು. ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ತಾವೂ ಎಣಿಸಿದರು. ಎಪ್ಪತ್ನಾಲ್ಕು. ನಾಡಿ ನೂರ ಎಂಬತ್ತು. ಕಂಕುಳಲ್ಲಿ ಥರ್ಮಾಮೀಟರು ಇಟ್ಟರೆ ತೊಂಬತ್ತಾರನ್ನೂ ಮುಟ್ಟಲಿಲ್ಲ. "ಇಷ್ಟು ಎಳೆ ಮಗುಗೆ ಸೋಂಕಾದರೆ ಜ್ವರ ಬರಲೇಬೇಕು ಅಂತಿಲ್ಲ. ಹೀಗೆ ತಣ್ಣಗಾದರೂ ಅಷ್ಟೇ ಕೆಟ್ಟದ್ದು" ಅಂದರು. ಮೂಗಿನ ಹತ್ತಿರ ಸಣ್ಣ ಕೊಳವೆ ಹಿಡಿಸಿ ಆಕ್ಸಿಜನ್ ಬಿಟ್ಟರು, ತೊಡೆಗೆ ಇಂಜೆಕ್ಷನ್ ಕೊಟ್ಟರು. ಮಗುವಿನ ಬಟ್ಟೆ ಬಿಚ್ಚಿಸಿ ಮಗಳ ಬರಿ ಎದೆಗೆ ಅಂಟಿಸಿ ಮೇಲೆ ಕಂಬಳಿ ಹೊದಿಸಿದರು. ಆಮೇಲೆ ನನಗೆ ಹೇಳಿದರು: "ಯಜಮಾನ್ರೇ, ವಾರ್ಡಿಗೆಲ್ಲ ಒಬ್ಬಳೇ ನರ್ಸು. ಇವಳ ಉಸಿರು ನೋಡೋ ಕೆಲಸ ನಿಮ್ಮದು. ನನಗೆ ಆಗಾಗ ಹೇಳ್ತಾ ಇರಿ."

ನಾನು ಮಾಡಿದ ಕೆಲಸಗಳಲ್ಲೆಲ್ಲ ಅದೇ ಕಷ್ಟದ್ದು. ರಾಶಿ ಅಳೆಯುವಾಗ ಕೈ ನೋಯುತ್ತದೆ, ಸೊಂಟ ನೋಯುತ್ತದೆ. ಇಲ್ಲಿ ಸುಮ್ಮನೆ ಕೂತಿದ್ದೆ, ಮೈಯೆಲ್ಲ ನೋಯುತ್ತಿತ್ತು. ಎಪ್ಪತ್ನಾಲ್ಕು, ಎಪ್ಪತ್ತು, ಮತ್ತೆ ಎಪ್ಪತ್ಮೂರು.

ಮರುದಿನ ಮಧ್ಯಾಹ್ನ ಅಳೆದರೆ ಇಪ್ಪತ್ತೆಂಟು ಬಂತು. ನನಗೆ ಆದ ಸಂತೋಷ ಹೇಳುವಂತಿಲ್ಲ. ಕಡಿಮೆಯಾಯಿತು, ಗೆದ್ದೆವು ಎಂದು ಡಾಕ್ಟ್ರಮ್ಮ ಇದ್ದ ಕಡೆ ಓಡಿಹೋಗಿ ಹೇಳಿದೆ. ಅವರು ನಗಲಿಲ್ಲ. ಕುರ್ಚಿಯಿಂದ ಎದ್ದೇಬಿಟ್ಟರು. "ಹಾಲು ಕುಡಿದಳಾ?"

"ಇಲ್ಲ."

ನಡೆಯುತ್ತಲೇ ಅಂದರು: "ಕಡಿಮೆ ಆಗಿಲ್ಲ ಯಜಮಾನ್ರೇ. ಸುಸ್ತಾಗಿದ್ದಾಳೆ. ಉಸಿರು ಎಳೆಯೋಕೆ ಶಕ್ತಿ ಇಲ್ಲ."

ನಾವು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಯಾವಾಗಲೂ ನಿಲ್ಲುವ ಒಂದು ಚೂರಿನ ನಿಲುಗಡೆಯಲ್ಲ ಅದು. ತುಟಿಯ ಸುತ್ತ ನೀಲಿ ಇಳಿದಿತ್ತು. ಮಗಳು ನನ್ನ ಮುಖ ನೋಡಿದಳು. ನನ್ನ ಬಾಯಲ್ಲಿ ಅಂಕಿಯೇ ಇರಲಿಲ್ಲ. ಡಾಕ್ಟ್ರಮ್ಮ ಮಗುವಿನ ಅಂಗಾಲಿಗೆ ಬೆರಳಿನಿಂದ ಪಟಪಟ ಹೊಡೆದರು. ಏನೂ ಇಲ್ಲ. ಮೂಗುಬಾಯಿಗೆ ಸಣ್ಣ ಮುಖವಾಡ ಒತ್ತಿ, ಅದರ ರಬ್ಬರು ಚೀಲವನ್ನು ಎರಡೇ ಬೆರಳಲ್ಲಿ ಹಿಚುಕಿದರು. ಎದೆ ಏರಿತು. ಮತ್ತೆ ಹಿಚುಕಿದರು, ಮತ್ತೆ ಏರಿತು. ಎಷ್ಟು ಸಲವೋ, ನಾನು ಅಳೆಯಲಿಲ್ಲ. ಆಮೇಲೆ ಮಗು ತಾನೇ ಒಂದು ಉಸಿರು ಎಳೆದು, ಬೆಕ್ಕಿನ ಮರಿಯಂತೆ ಅತ್ತಿತು.

ಡಾಕ್ಟ್ರಮ್ಮ ಬಹಳ ಹೊತ್ತು ಅಲ್ಲೇ ಕೂತಿದ್ದರು. ಸಂಜೆಗೆ ಮುಂಚೆ ಅಳೆಯಲು ಹೇಳಿದರು. ಪೂರ್ತಿ ನಿಮಿಷ ಅಳೆದೆ. ಅರವತ್ತಾರು ಬಂತು. ಹೇಳಲು ಹೆದರಿಕೆಯಾಯಿತು. ಹೇಳಿದರೆ ಅವರ ಮುಖದಲ್ಲಿ ನಗು. "ಒಳ್ಳೇದಾಯ್ತು. ಶಕ್ತಿ ಬಂದಿದೆ. ಇನ್ನು ನಿಧಾನಕ್ಕೆ ಇಳೀಬೇಕು. ಹಾಲು ಕುಡೀತಾ ಇಳೀಬೇಕು."

ರಾಗಿ ಕಡಿಮೆ ಬಂದರೆ ದುಃಖ, ಹೆಚ್ಚು ಬಂದರೆ ಸಂತೋಷ. ನನಗೆ ಗೊತ್ತಿದ್ದದ್ದು ಅಷ್ಟೇ. ಈ ಲೆಕ್ಕ ಹಾಗಲ್ಲ. ಇದಕ್ಕೆ ಒಂದು ಜಾಗವಿದೆ, ವಯಸ್ಸಿಗೆ ತಕ್ಕ ಜಾಗ. ಅದರ ಮೇಲೂ ಕಷ್ಟ, ಕೆಳಗೂ ಕಷ್ಟ. ಬರೀ ಅಂಕಿ ನೋಡಿ ಕುಣಿದವನಿಗೆ ಅವತ್ತು ತಿಳಿಯಿತು, ಅಂಕಿಯ ಜೊತೆಗೆ ಮಗುವಿನ ಮುಖವನ್ನೂ ನೋಡಬೇಕು ಎಂದು.

ಆಮೇಲಿನ ದಿನಗಳಲ್ಲಿ ಅರವತ್ತಕ್ಕೆ ಇಳಿಯಿತು, ಐವತ್ತನಾಲ್ಕಕ್ಕೆ ಇಳಿಯಿತು. ಮಗಳು ಹಾಲು ಹಿಂಡಿ ಒಳಲೆ ಬಟ್ಟಲಲ್ಲಿ ತೊಟ್ಟು ತೊಟ್ಟು ಬಾಯಿಗೆ ಬಿಟ್ಟಳು. ಪಕ್ಕೆಯ ಗುಳಿ ಮಾಯವಾಯಿತು. ಗೌಡರು ಪೇಟೆಗೆ ಬಂದವರು ಇಣುಕಿ ನೋಡಿ ಅಂದರು: "ರಾಶಿ ಮಳೆಗೆ ಸಿಗ್ನಿಲ್ಲ ಕಣ್ಲಾ. ಚೀಲಕ್ಕೆ ಬಾಚಿ ತುಂಬ್ಕಂಡೋ. ಎಷ್ಟಾಯ್ತು ಅಂತ ಆ ದೇವ್ರಿಗೇ ಗೊತ್ತು. ಬರೋ ವರ್ಷ ನೀನೇ ಬಂದು ಅಳೀಬೇಕು, ಇದನ್ನೂ ಎತ್ಕೊಂಡು ಬಾ." ನಾನು ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡೆ. "ಅಳ್ಬ್ಯಾಡ್ಲಾ, ನರ್ಸಮ್ಮ ನಗ್ತಾವ್ರೆ" ಎಂದು ಬೆನ್ನಿಗೆ ಗುದ್ದಿ ಹೋದರು.

ಮನೆಗೆ ಕಳಿಸುವ ದಿನ ಬುತ್ತಿ ತಂದ ನನ್ನ ಹೆಂಡತಿಯೂ ಅಲ್ಲಿದ್ದಳು. ಆಸ್ಪತ್ರೆಯಲ್ಲಿದ್ದ ಅಷ್ಟು ದಿನವೂ ಅವಳು ಮಗುವಿನ ಕಾಲುದೆಸೆಯಲ್ಲೇ ನಿಲ್ಲುತ್ತಿದ್ದಳು, ನಾವು ಅಳೆಯುವಾಗ ಹೊರಗೆ ಹೋಗುತ್ತಿದ್ದಳು. ಡಾಕ್ಟ್ರಮ್ಮ ಕಡೆಯ ಸಲ ನೋಡಿದರು. ಉಸಿರು ನಲವತ್ತಾರು. ಎದೆ ನೂರ ಮೂವತ್ತೆಂಟು. ಮೈ ತೊಂಬತ್ತೆಂಟೂವರೆಗೆ ಒಂದು ಕೂದಲು ಕಮ್ಮಿ. "ಎಲ್ಲ ಇವಳ ವಯಸ್ಸಿಗೆ ಸರಿಯಾಗಿದೆ" ಎಂದು ಎದೆಗೊಳವೆಯನ್ನು ನನ್ನ ಕಿವಿಗೆ ಸಿಕ್ಕಿಸಿದರು. "ಕೇಳಿ, ಸಂಬಳ ಇಲ್ಲದೆ ಕೆಲಸ ಮಾಡಿದ್ದೀರಿ."

ಕೇಳಿದೆ. ಕೈಗೆ ಸಿಕ್ಕಿದ್ದ ಆ ದಾರದಂಥ ನಾಡಿಯೇ ಒಳಗೆ ಇಷ್ಟು ದೊಡ್ಡ ಸದ್ದು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಏನು ಅವಸರ, ಏನು ಹುಮ್ಮಸ್ಸು. ನಾನು ಆಸ್ಪತ್ರೆ ಎಂಬುದನ್ನೂ ಮರೆತು ನಗುತ್ತಿದ್ದೆ. ಪಕ್ಕದ ಮಂಚದವರು ನೋಡುತ್ತಿದ್ದರು. ನೋಡಲಿ.

ಕಿವಿಯಿಂದ ತೆಗೆದು ಹೆಂಡತಿಯ ಕಡೆ ಚಾಚಿದೆ. "ನಂಗ್ಯಾಕೆ" ಎಂದು ಹಿಂದಕ್ಕೆ ಸರಿದಳು. ಮಗಳು, "ಕೇಳವ್ವ" ಅಂದಳು. ಅವಳು ಸೆರಗು ಸರಿಸಿ, ಓಲೆ ತೊಡಕದ ಹಾಗೆ ನಿಧಾನವಾಗಿ ಕಿವಿಗೆ ಇಟ್ಟುಕೊಂಡಳು. ಡಾಕ್ಟ್ರಮ್ಮ ಇನ್ನೊಂದು ತುದಿಯನ್ನು ಮಗುವಿನ ಎದೆಗೆ ಇಟ್ಟರು.

ಅವಳ ಮುಖ ನಾನು ನೋಡಿದೆ. ಮದುವೆಯಾದ ಲಾಗಾಯ್ತು ನೋಡಿದ ಮುಖ, ಹಾಗೆ ಎಂದೂ ನೋಡಿರಲಿಲ್ಲ.

ಹೊರಗಡೆ ರೋಗಿಗಳು ಸಾಲು ನಿಂತಿದ್ದರು. ಡಾಕ್ಟ್ರಮ್ಮ ಸ್ವಲ್ಪ ಹೊತ್ತು ಕಾದು, "ಕೊಡೀಮ್ಮ, ಬೇರೆಯವರನ್ನ ನೋಡಬೇಕು" ಎಂದು ಕೈ ಚಾಚಿದರು.

ನನ್ನ ಹೆಂಡತಿ ಒಂದು ಕೈಯಲ್ಲಿ ಕೊಳವೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಡಾಕ್ಟ್ರಮ್ಮನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ತಡೀರವ್ವ" ಅಂದಳು. "ಓಡ್ತಾವ್ಳೆ."